ಸುಮ್ಮನೆ ಕೂತಾಗ ಬಂದ ಹಸೆಹಾಡು

ಹುಣಸೆಹಣ್ಣು ಜಜ್ಜಿ ಬೀಜ ತೆಗೀತಾ ಕೂತಿದ್ದೆ. ಫೋನ್ ಬಂತು. ಕೈಯೆಲ್ಲ ಅಂಟು, ಎತ್ತಿದ ರಿಸೀವರೂ ಅಂಟು.

ಕೆಂಚಾರ್ಲಹಳ್ಳಿಯಿಂದ ನಾದಿನಿ ರತ್ನ. "ಅತ್ತಿಗೆ, ಕಾಲು ಉಳುಕಿದೆ. ಮನೆ ತುಂಬ ರೇಷ್ಮೆಹುಳು. ಎರಡು ದಿನ ಬಂದೋಗ್ತೀರಾ?"

ಆಗಲ್ಲ ಅನ್ನೋಕಾಗುತ್ತಾ? ಆದರೆ ನನ್ನ ತಲೆ ಮೇಲೆ ಬೇರೆಯೇ ಭಾರವಿತ್ತು. ಆ ಭಾನುವಾರ ಅಕ್ಕನ ಮಗಳು ಮಂಗಳನ ಮದುವೆ. ಹೆಣ್ಣನ್ನು ಹಸೆಮಣೆಗೆ ಕರೆಯುವ ಹಾಡು ನಮ್ಮ ಮನೇಲಿ ಯಾವಾಗಲೂ ನಾನೇ ಕಟ್ಟೋದು. ಹೆತ್ತ ತಾಯಿಯ ಮಾತು ಅದರಲ್ಲಿ ಬರಲೇಬೇಕು. ಅಕ್ಕ ತೀರಿಕೊಂಡು ಎರಡು ವರ್ಷ. ಮಂಗಳ ಮೊದಲೇ ಹೇಳಿದ್ದಳು, "ಚಿಕ್ಕಮ್ಮ, ಹಾಡಲ್ಲಿ ಅಮ್ಮ ಇರ್ಬೇಕು. ಆದ್ರೆ ನನ್ನ ಅಳಿಸ್ಬೇಡ, ಮೇಕಪ್ ಹೋಗುತ್ತೆ."

(ತಮಾಷೆಗೇ ಅಂದಳು. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಳು.)

ಒಲೆ ಮುಂದೆ, ಬಟ್ಟೆ ಒಗೆಯುವಾಗ, ಪೂಜೆ ಮಾಡ್ತಾನೂ (ಸ್ವಾಮಿ ಕ್ಷಮಿಸಲಿ) ಅದೇ ಯೋಚನೆ. ಬರೆದದ್ದೆಲ್ಲ ಒಂದೋ ಗೋಳು, ಇಲ್ಲಾ ಬರೀ ಒಣ ಮಾತು.

ಬಸ್ ಹತ್ತಿದೆ. ಸೆರಗು ಸಿಕ್ಕಿಸಿಕೊಂಡು ಹುಳುಮನೆಗೆ ನುಗ್ಗಿದರೆ, ಕೆಲಸವೇ ಇಲ್ಲ! ಹುಳುಗಳು ಜ್ವರಕ್ಕೆ ಕೂತಿದ್ದವು. (ಹುಳು ಮೇವು ಬಿಟ್ಟು, ಹಳೇ ಚರ್ಮ ಕಳಚೋಕೆ ಅಲ್ಲಾಡದೆ ಕೂರುವುದನ್ನು ನಮ್ಮ ಕಡೆ ಜ್ವರ ಅಂತೀವಿ.) ಆಗ ಸೊಪ್ಪು ಹಾಕೋ ಹಾಗಿಲ್ಲ. ನಾನು ಬಿಡ್ತೀನಾ? ಬಂದದ್ದಕ್ಕೆ ಹಿಕ್ಕೆಯಾದ್ರೂ ತೆಗೆಯೋಣ ಅಂತ ತಟ್ಟೆ ಎಳೆದೆ.

"ಅಯ್ಯಯ್ಯೋ, ಮುಟ್ಟಬೇಡಿ ಅತ್ತಿಗೆ! ಈಗ ಅಲ್ಲಾಡಿಸಿದ್ರೆ ಚರ್ಮ ಬಿಡಕ್ಕಾಗ್ದೆ ಸಾಯ್ತವೆ. ಆಮೇಲೆ ಗೂಡು ನೀವು ಕಟ್ಟಿಕೊಡ್ತೀರಾ?"

"ಮತ್ತೆ ನಾನೇನ್ ಮಾಡ್ಲಿ?"

"ಊರಿಕೇ ಕೂರ್ಚೋ ವದಿನಾ!"

(ಸುಮ್ಮನೆ ಕೂತ್ಕೋ ಅತ್ತಿಗೆ ಅಂತ. ಸಿಟ್ಟು ಬಂದರೆ ರತ್ನನ ಬಾಯಲ್ಲಿ ತೆಲುಗೇ, ಬಹುವಚನವೂ ಇಲ್ಲ.)

ಜಗಲಿ ಮೇಲೆ ಕೂತೆ. ಮೊದಮೊದಲು ಕೈ ಕಡಿಯಿತು. ಪೆನ್ನು, ಪೇಪರ್ ಬ್ಯಾಗಲ್ಲೇ ಇತ್ತು, ತೆಗೆಯಲಿಲ್ಲ. ಎದುರುಮನೆ ಬೆಕ್ಕು ಮೈ ನೆಕ್ಕಿಕೊಳ್ಳೋದನ್ನು ನೋಡಿದೆ. ಆಮೇಲೆ ಅದನ್ನೂ ನೋಡಲಿಲ್ಲ. ಹೀಗೆ ಕೂತು ಎಷ್ಟು ಕಾಲವಾಗಿತ್ತೋ!

ಸಂಜೆ ರತ್ನ ತನ್ನ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆದಳು. "ಅಮ್ಮಾ, ನೋಯ್ತದೆ, ಮೆಲ್ಲಗೆ!" ಅಂತ ಕೂಸು ಕಿರುಚಿತು. ನಮ್ಮಕ್ಕನೂ ಹೀಗೇ ಬಿಗೀತಿದ್ದಳು. ಮಂಗಳನ ಹುಬ್ಬೇ ಮೇಲೆ ಹೋಗ್ತಿತ್ತು! ನನಗೆ ನಗು ಬಂತು. ನಗುವಿನ ಹಿಂದೆಯೇ ಸಾಲೂ ಬಂತು:

ಅಮ್ಮ ಬಿಗಿದ ಜಡೆ ಇನ್ನೂ ಸಡಿಲಿಲ್ಲ,
ಹುಬ್ಬನೇರಿಸಿ ಬಾರೆ ಹಸೆಮಣೆಗೆ.

ನಾನು ಹುಡುಕಿದ್ದಲ್ಲ, ದೇವರು ಕೊಟ್ಟದ್ದು. ಅದಕ್ಕೂ ಮೊದಲು ಕೊಡೋಕೆ ಅಂತ ಎಷ್ಟು ಸಲ ಬಂದು, ನನಗೆ ಪುರುಸೊತ್ತಿಲ್ಲ ಅಂತ ವಾಪಸ್ ಹೋಗಿದ್ದನೋ!

ಮರುದಿನ ಹುಳು ಎದ್ದವು. ಬೆನ್ನು ಬೀಳುವಷ್ಟು ಸೊಪ್ಪು ಹಾಕಿ ಊರಿಗೆ ಬಂದೆ.

ಭಾನುವಾರ ಹಾಡಿದೆ. ಮಂಗಳನ ಕೈ ತಾನಾಗಿಯೇ ಜಡೆಗೆ ಹೋಯಿತು. ಕಣ್ಣು ತುಂಬಿತು ಅನ್ನೋಷ್ಟರಲ್ಲಿ ನಕ್ಕುಬಿಟ್ಟಳು. ಮೇಕಪ್ ಉಳಿಯಿತು. (ನಾನು ಸದ್ಯ ಹಾಕಿರಲಿಲ್ಲ.)

ಮಲಗಿದ್ದ ಹುಳುಗಳಿಗೆ ಒಂದು ನಮಸ್ಕಾರ. ರತ್ನನ ಬೈಗುಳಕ್ಕೆ ಎರಡು.

ಇನ್ನು ಏಳಬೇಕು. ನಾಳೆಯ ದೋಸೆಗೆ ಅಕ್ಕಿ ನೆನೆಹಾಕಬೇಕು. ಸಂಜೆವರೆಗೂ ಅದು ನೀರಲ್ಲಿ ಹಾಗೇ ಬಿದ್ದಿರುತ್ತೆ. ಅಕ್ಕಿಯನ್ನು ಯಾರಾದರೂ ಸೋಮಾರಿ ಅಂತಾರಾ?