ಶನಿವಾರಕ್ಕೆ ಬಂದ ಎಣ್ಣೆಸ್ನಾನ

ಆಗೆಲ್ಲ ಮ್ಯಾನ್‌ಹೈಮ್‌ನ ನಮ್ಮ ಮನೆಯಲ್ಲಿ ರವಿವಾರವೆಂದರೆ ಸೀಗೆಕಾಯಿಯ ವಾಸನೆ. ಅಮ್ಮನ ಅವ್ವ, ನಮ್ಮ ಆಯಿ, ಧಾರವಾಡದಿಂದ ಬಂದಿದ್ದ ಬೇಸಿಗೆಯ ಮಾತು. ಟಬ್ಬಿನಲ್ಲಿ ನನ್ನನ್ನು ಕೂಡಿಸಿ, ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ನೆತ್ತಿಗೆ ತಟ್ಟಿ ತಟ್ಟಿ ಇಳಿಸಿ, ತಲೆ ಎರೆಯುತ್ತಿದ್ದಳು. ನನಗೆ ಎಂಟು ವರ್ಷ. ದೀಪಾವಳಿ ತನಕ ಆಯಿ ಇರುತ್ತಾಳೆ ಎಂದು ಪಪ್ಪಾ ಹೇಳಿದ್ದರು, ನಂಬಿದ್ದೆ.

ಒಂದು ವಾರ ಆಯಿ ಶನಿವಾರವೇ ಎಣ್ಣೆ ಬಟ್ಟಲು ಹಿಡಿದು ನಿಂತಳು.

“ವಾರುಮ್? ಯಾಕೆ ಇವತ್ತು? ರವಿವಾರ ನಾಳೆ ಅಲ್ವಾ?”

“ವಾರುಮ್ ಗೀರುಮ್ ಬ್ಯಾಡ. ಕೂಡು ಸುಮ್ನ.”

ಅನುಮಾನ ಅಲ್ಲೇ ಹುಟ್ಟಿತು. ಮಧ್ಯಾಹ್ನ ಪಪ್ಪಾ ನಮ್ಮನ್ನೆಲ್ಲ ಬಾಡೆನ್-ಬಾಡೆನ್‌ಗೆ ಕರೆದೊಯ್ದರು, ರೋಮನ್ನರ ಬಿಸಿನೀರಿನ ಸ್ನಾನದ ಮನೆಯ ಅವಶೇಷ ನೋಡಲು. ದಾರಿಯಲ್ಲಿ ಕೇಳದೆಯೇ ತಿನ್ನಲು ಉಪ್ಪುಪ್ಪಾದ ಬ್ರೆಟ್ಸೆಲ್ ಕೊಡಿಸಿದರು. ಕೇಳದೆ ಕೊಡಿಸುವವರಲ್ಲ ಪಪ್ಪಾ. ಅಮ್ಮ ಮುಂದಿನ ಸೀಟಿನಿಂದ ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಅಲ್ಲಿ ಹಾಳುಬಿದ್ದ ನೆಲದಡಿ ಗಿಡ್ಡ ಇಟ್ಟಿಗೆ ಕಂಬಗಳ ಸಾಲು. ಅವುಗಳ ನಡುವೆ ಬಿಸಿಗಾಳಿ ಹರಿದು ಮೇಲಿನ ನೆಲ ಕಾಯುತ್ತಿತ್ತಂತೆ. ಆಯಿ ತಡೆಗೆಂದು ಹಾಕಿದ್ದ ಕಂಬಿಯ ಮೇಲಿಂದ ಬಗ್ಗಿದಳು.

“ಅಯ್ಯ, ಇದು ನಮ್ಮ ಬಚ್ಚಲ ಒಲೀನ ಅಲ್ಲೇನ್ರಿ! ಬೆಂಕಿ ಕೆಳಗ, ಮಂದಿ ಮ್ಯಾಲ.”

“ಎರಡು ಸಾವಿರ ವರ್ಷದ್ದು, ಅತ್ತಿ,” ಎಂದರು ಪಪ್ಪಾ.

“ಇರ್ಲಿ ಬಿಡ್ರಿ. ಬೂದಿ ಯಾರು ಬಳೀತಿದ್ರು?”

ನಗುವಿನ ನಡುವೆ ನಾನು ಪರೀಕ್ಷೆಗೆಂದೇ ಕೇಳಿದೆ: “ಆಯಿ, ನಾಳೇನೂ ನಂಗೆ ಎರೀತೀಯಾ?”

“ನಾಳೆ ಬ್ಯಾಡವ್ವಾ. ಹೊಂಟವರ ಹಿಂದ ತಲಿ ಎರಕೋಬಾರ್ದು.”

ಮನೆಯಿಂದ ಯಾರಾದರೂ ಪ್ರಯಾಣ ಹೊರಟ ದಿನ ಉಳಿದವರು ತಲೆಗೆ ನೀರು ಹಾಕಿಕೊಳ್ಳುವುದಿಲ್ಲ. ಅದು ಸತ್ತವರ ಹಿಂದೆ ಮಾಡುವ ಸ್ನಾನ.

“ಯಾರು ಹೊಂಟವರು?”

ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಮ್ಮ ಅವಳನ್ನು ದುರುಗುಟ್ಟಿ ನೋಡಿದಳು. ಪಪ್ಪಾ ಕೇಳಿದರು, “ಐಸ್‌ಕ್ರೀಮ್ ಬೇಕಾ, ಪುಟ್ಟಿ?”

ಆಗ ನಾನು ಬಗ್ಗಿ ಆ ಇಟ್ಟಿಗೆಗೆ ಅಂಗೈ ಒತ್ತಿದೆ, ಅದು ಬೆಚ್ಚಗಿತ್ತು. ಹಾಗೆಂದು ನನ್ನ ನೆನಪು. ಆದರೆ ಮೊನ್ನೆ ಮತ್ತೆ ಹೋಗಿ ನೋಡಿದೆ: ಕಂಬಿಯಿಂದ ಇಟ್ಟಿಗೆಗೆ ದೊಡ್ಡವರ ಕೈಯೂ ಎಟುಕುವುದಿಲ್ಲ. ಅಮ್ಮನನ್ನು ಕೇಳಿದರೆ ಇನ್ನೊಂದೇ ಕಥೆ: “ಸೂಟ್‌ಕೇಸ್ ಎರಡು ದಿನದಿಂದ ಹಾಲ್‌ನಾಗ ಇತ್ತು. ಅದರ ಮ್ಯಾಲೇ ಕೂತು ಟಿವಿ ನೋಡ್ತಿದ್ದಿ. ನಿನಗೆ ಗೊತ್ತಿತ್ತು.” ಅವರೆಲ್ಲರನ್ನೂ ಅನುಮಾನಿಸಿದವಳು ನನ್ನನ್ನೊಬ್ಬಳನ್ನು ಬಿಟ್ಟುಬಿಟ್ಟೆನೇ?

ಮಾರನೆಯ ದಿನ ಆಯಿ ಹೋದಳು. ವಾರವಿಡೀ ನಾನು ತಲೆಗೆ ನೀರು ಮುಟ್ಟಿಸಗೊಡಲಿಲ್ಲ. ತಲೆಯಲ್ಲಿ ಉಳಿದಿದ್ದ ಎಣ್ಣೆ ದಿಂಬಿಗೆಲ್ಲ ಹತ್ತಿತು, ಅಮ್ಮ ಬೈಯಲಿಲ್ಲ. ಇದು ಮಾತ್ರ ಅಮ್ಮನಿಗೂ ನೆನಪಿದೆ.

ಆಯಿ ಮತ್ತೆ ಬರಲಿಲ್ಲ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಅಮ್ಮ ಫೋನ್ ಮಾಡಿ ಇಷ್ಟೇ ಹೇಳಿದಳು: “ಆಯಿ ಹೋದಳು. ತಲೆಗೆ ನೀರು ಹಾಕ್ಕೋ.”

ಶವರ್ ಕೆಳಗೆ ಬಹಳ ಹೊತ್ತು ನಿಂತೆ. ತಲೆಯಲ್ಲಿ ತೊಳೆದುಕೊಳ್ಳಲು ಒಂದು ಹನಿ ಎಣ್ಣೆಯೂ ಇರಲಿಲ್ಲ.