ಸಾಬೂನು ಹಚ್ಚಿ ಒಗೆದ ಕಂಬಳಿ

ಪೊಲೀಸ್ ಆ್ಯಕ್ಷನ್ ಆಗಿ ಒಂದೆರಡು ವರ್ಷ ಆಗಿತ್ತು. ನಾ ನಿಲಂಗಾ ತಾಲೂಕಿನಾಗ ಹೊಲ ಅಳಿಯೋ ನೌಕರಿ ಮಾಡ್ತಿದ್ದೆ. ಮಳಿಗಾಲಕ್ಕಂತ ಔರಾದ ಶಹಾಜನಿ ಸಂತಿಯೊಳಗ ಕಂಬಳಿ ನೇಯೋ ಒಬ್ಬ ಮುದುಕನ ಕಡೆ ಒಂದು ಕಂಬಳಿ ತೊಗೊಂಡೆ. "ಬೀರಪ್ಪನ ಭಂಡಾರ ಮುಟ್ಟಿ ಹೇಳತೀನಿ ಸಾಹೇಬ್ರ, ಒಂದು ಹನಿ ಒಳಗ ಇಳಿಯಂಗಿಲ್ಲ" ಅಂತ ಹಣಿಗೆ ಹಚ್ಚಿದ ಅರಿಷಿಣ ಮುಟ್ಟಿ ಆಣಿ ಮಾಡಿದ್ದ.

ಮೊದಲನೇ ಮಳಿಗೇ ಅಂಗಿಯೆಲ್ಲಾ ತೊಯ್ದು ಹೋತು. ಮುಂದಿನ ಸಂತಿಗೆ ಹೋಗಿ ಕಂಬಳಿ ಅವನ ಮುಂದ ಇಟ್ಟೆ. "ಕಾಕಾ, ನಿಮ್ಮ ದೇವರ ಆಣಿ ಸುಳ್ಳಾತು ನೋಡ್ರಿ" ಅಂತ ಜೋರಾಗೇ ಅಂದೆ. ಆಜೂಬಾಜೂ ಕುಂತವರು ತಿರುಗಿ ನೋಡಿದ್ರು.

ಮುದುಕ ಕಂಬಳಿ ಮುಟ್ಟಿದ, ಮೂಸಿದ. "ಒಗದೀರೇನ್ರಿ?"

"ಕುರಿ ವಾಸನಿ ಬರ್ತಿತ್ತು. ಬಿಸಿನೀರಾಗ ಸಾಬೂನು ಹಚ್ಚಿ ಒಗದೆ."

"ಹುಣಸಿ ಬೀಜದ ಗಂಜಿ ಹಚ್ಚಿದ್ದೆ. ನೀರು ತಡಿಯೋದೇ ಅದು. ಎಲ್ಲಾ ತೊಳದು ಹೋಗ್ಯಾದ."

ನನ್ನ ಮಾರಿ ಸಣ್ಣದಾತು. "ಹಂಗಾದ್ರ ತಪ್ಪು ನಂದೇ" ಅಂತ ಕಂಬಳಿಗೆ ಕೈ ಹಾಕಿದೆ. ಅಂವಾ ಬಿಡಲಿಲ್ಲ.

"ನಮ್ಮ ಮಂದಿಗಾದ್ರ ಇದು ಗೊತ್ತೇ ಇರ್ತದ, ಹೇಳೋದು ಬ್ಯಾಡ. ಒಗಿಬ್ಯಾಡ್ರಿ ಅಂತ ನಿಮಗ ನಾ ಹೇಳಬೇಕಿತ್ತು. ಆಣಿ ಮಾಡಿ ಮಾರೀನಿ." ತನ್ನ ಹೆಗಲ ಮ್ಯಾಲಿನ ಕಂಬಳಿ ತೆಗೆದು ನನ್ನ ಕೈಯಾಗ ಕೊಟ್ಟ. "ಇದು ನಾಕು ಮಳಿಗಾಲ ತಡದದ. ಒಯ್ಯಿರಿ."

ಈಗ ಯಾವ ಸಾಮಾನು ತಂದರೂ ಏನೇನು ಮಾಡಬಾರದು ಅಂತ ಬರೆದ ಪುಸ್ತಕ ಜೋಡಿ ಬರ್ತದ. ಸಾಮಾನು ಕೆಟ್ಟರ ಅದನ್ನೇ ತೋರಿಸಿ, ತಪ್ಪು ನಿಮ್ದು ಅಂತಾರ.

ಮುದುಕನ ಕಂಬಳಿ ಇನ್ನೂ ಮನ್ಯಾಗ ಅದ. ಕುರಿ ವಾಸನಿಗೆ ಮನಿಯಾಕಿ ಮೂಗು ಮುಚ್ಚಿಕೋತಾಳ. ಒಗಿಯೋ ಧೈರ್ಯ ಮಾತ್ರ ನನಗ ಇವತ್ತಿಗೂ ಬಂದಿಲ್ಲ.