ದಿಲ್ಲಿಗೆ ಹೋದ ಭರಣಿ

ಶಿರಸಿಯ ಕಾಲೇಜೊಂದರಲ್ಲಿ ನಾನು ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದೆ. ಅದರಲ್ಲಿ ಹೆಚ್ಚುಕಡಿಮೆ ಹತ್ತು ವರ್ಷ ದಿಲ್ಲಿಗೆ ಅರ್ಜಿ ಬರೆಯುವುದರಲ್ಲೇ ಕಳೆಯಿತು. ಸಂಶೋಧನೆಗೆಂದು ಕೇಂದ್ರ ಕೊಡುವ ಹಣ, ಹಿಂದೆ ಪಡೆದವರಿಗೇ ಮತ್ತೆ ಸಿಗುತ್ತಿತ್ತು. ‘ಈ ಮೊದಲು ಪಡೆದ ಅನುದಾನದ ವಿವರ’ ಎಂಬಲ್ಲಿ ಪ್ರತಿ ಸಲ ‘ಇಲ್ಲ’ ಎಂದು ಬರೆಯುವಾಗಲೇ ಉತ್ತರ ಏನೆಂದು ಗೊತ್ತಿರುತ್ತಿತ್ತು. ಆದರೂ ಬರೆಯುತ್ತಿದ್ದೆ. ಹಟವೋ ಚಟವೋ, ಈಗ ಹೇಳಲಾರೆ.

ನನ್ನ ವಿಷಯ ಅಪ್ಪೆಮಿಡಿ. ಉಪ್ಪಿನಕಾಯಿಗೆ ಹಾಕುವ ಈ ಕಾಡುಮಾವಿನ ಎಳೆಗಾಯಿ ಕೆಲವು ಮರದ್ದಾದರೆ ಉಪ್ಪುನೀರಿನಲ್ಲಿ ಐದಾರು ವರ್ಷ ಗಟ್ಟಿಯಾಗಿರುತ್ತದೆ, ಕೆಲವು ಮರದ್ದು ಒಂದೇ ಮಳೆಗಾಲಕ್ಕೆ ಮೆತ್ತಗಾಗುತ್ತದೆ. ಯಾವ ಮರ ಒಳ್ಳೆಯದೆಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ಯಾಕೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಸಿದ್ದಾಪುರದ ಹೊಳೆಸಾಲಿನಿಂದ, ಹುಲಗೋಳದಿಂದ, ವಜ್ರಳ್ಳಿ ಕಡೆಯಿಂದ ತೊಟ್ಟು ಮುರಿಯದ ಹಾಗೆ ಮಿಡಿ ಕೊಯ್ಸಿ ತಂದು, ಮರಕ್ಕೊಂದು ಭರಣಿಯಂತೆ ಉಪ್ಪು ಹಾಕಿ, ಇಸವಿ ಬರೆದು ಪ್ರಯೋಗಾಲಯದಲ್ಲಿ ಸಾಲಾಗಿ ಇಟ್ಟಿದ್ದೆ. ವರ್ಷಕ್ಕೊಮ್ಮೆ ನಾಲ್ಕೇ ಮಿಡಿ ತೆಗೆದು ಪರೀಕ್ಷಿಸಿ, ಮತ್ತೆ ಬಾಯಿ ಕಟ್ಟುವುದು. ಉಳಿದ ದಿನವೆಲ್ಲ ಕಾಯುವುದೇ ಕೆಲಸ. ಎಲ್ಲಕ್ಕಿಂತ ಹಳೆಯ ಭರಣಿ ಹೊಳೆದಂಡೆಯ ಒಂದು ಮರದ್ದು. ಏಳು ವರ್ಷವಾದರೂ ಅದರ ಮಿಡಿ ಕಚ್ಚಿದರೆ ಕುರುಂ ಎನ್ನುತ್ತಿತ್ತು. ಅಷ್ಟರಲ್ಲಿ ದಂಡೆ ಕುಸಿದು ಮರವೇ ನೆರೆಗೆ ಹೋಗಿತ್ತು. ಇನ್ನು ಆ ಮಿಡಿ ಇದ್ದದ್ದು ಆ ಭರಣಿಯಲ್ಲಿ ಮಾತ್ರ.

ಎರಡು ಸಾವಿರ ಇಸವಿ ಕಳೆದ ಮೇಲೆ, ಹಣವೆಲ್ಲ ದೊಡ್ಡ ಊರುಗಳಿಗೇ ಹೋಗುತ್ತಿದೆ, ಸಣ್ಣ ಊರಿನ ಕಾಲೇಜುಗಳಿಗೂ ಹಂಚಬೇಕು ಎಂಬ ಬುದ್ಧಿ ದಿಲ್ಲಿಗೆ ಬಂತು. ನನ್ನ ಅರ್ಜಿ ಮೊದಲ ಸುತ್ತು ದಾಟಿತು. ಮೂವರ ಕಮಿಟಿ ಬಂದು ಕಣ್ಣಾರೆ ನೋಡಿ ತೀರ್ಮಾನಿಸುವುದೆಂದು ಕಾಗದವೂ ಬಂತು.

ಕಾಲೇಜಿನಲ್ಲಿ ಮದುವೆಮನೆಯ ಗಡಿಬಿಡಿ ಶುರುವಾಯಿತು. ಪ್ರಿನ್ಸಿಪಾಲರು ನನಗಿಂತ ಹಿರಿಯರು, ಒಳ್ಳೆಯ ಮನುಷ್ಯ. ಭರಣಿಗಳ ಸಾಲು ನೋಡಿ ಹಣೆ ಚಚ್ಚಿಕೊಂಡರು.

“ಇದು ಲ್ಯಾಬೋ ಅಡಿಗೆಮನೆಯೋ ಹೇಳಿ ಕೇಳ್ತ ಅವು. ಮೊದ್ಲು ಒಳಗೆ ಇಡ್ಸು ಮಾರಾಯಾ.”

ಅಟೆಂಡರ್ ಎಲ್ಲವನ್ನೂ ಉಗ್ರಾಣಕ್ಕೆ ಸಾಗಿಸಿದ. ಮೇಜು ತೊಳೆದು, ಬಿಳಿ ಬಟ್ಟೆ ಹಾಸಿ, ಹೂದಾನಿ ಇಟ್ಟ. ಕೇಳಿದರೆ ತಂದು ತೋರಿಸಿದರಾಯಿತು ಎಂದುಕೊಂಡೆ.

ಕಮಿಟಿಯವರು ಹತ್ತು ನಿಮಿಷ ಹೂದಾನಿ ನೋಡಿದರು. ದಿಲ್ಲಿಯಿಂದ ಬಂದ ಅಧ್ಯಕ್ಷರು ಮಾದರಿಗಳೆಲ್ಲಿ ಎಂದು ಕೇಳಿದ್ದೂ ಹೌದು. ತರಿಸುತ್ತೇನೆ ಅನ್ನುವಷ್ಟರಲ್ಲಿ ಪ್ರಿನ್ಸಿಪಾಲರು, ಎಲೆ ಹಾಕಿಯಾಗಿದೆ, ಮೊದಲು ಊಟ ಎಂದು ಎಬ್ಬಿಸಿಕೊಂಡು ಹೋದರು. ಊಟಕ್ಕೆ ಅವರ ಮನೆಯ ಮಿಡಿ ಉಪ್ಪಿನಕಾಯಿ ಇತ್ತು. ಅಧ್ಯಕ್ಷರು ಮೂರು ಸಲ ಹಾಕಿಸಿಕೊಂಡು, ಇಂಥದ್ದು ಜನ್ಮದಲ್ಲಿ ತಿಂದಿಲ್ಲ ಎಂದರು. ಎದ್ದಾಗ ಹುಬ್ಬಳ್ಳಿಯ ರೈಲಿಗೆ ಹೊತ್ತಾಗಿತ್ತು.

ಕಾರಿನ ಹತ್ತಿರ ಹೋದರೆ ಅಟೆಂಡರ್ ಭರಣಿಯೊಂದನ್ನು ಡಿಕ್ಕಿಯಲ್ಲಿಟ್ಟು ಸುತ್ತ ಬೈಹುಲ್ಲು ತುರುಕುತ್ತಿದ್ದ. ಇಸವಿಯ ಚೀಟಿ ಕಂಡಿತು. ಹೊಳೆದಂಡೆಯದ್ದು.

“ಬಂದವ್ರನ್ನ ಬರಿಗೈಲಿ ಕಳ್ಸುಲೆ ಆಗ್ತಾ? ಆನೇ ಹೇಳಿದ್ದೆ,” ಎಂದು ಪ್ರಿನ್ಸಿಪಾಲರು ತಮ್ಮ ಎದೆ ಮುಟ್ಟಿ ತೋರಿಸಿಕೊಂಡರು.

“ಹಳೇದೇ ನೋಡಿ ತಂದೆ ಸರ್, ದಿಲ್ಲಿಯವ್ರಲ್ವಾ,” ಎಂದ ಅಟೆಂಡರ್, ಖುಷಿಯಿಂದ.

ಕೊಟ್ಟದ್ದನ್ನು ಅತಿಥಿಯ ಕೈಯಿಂದ ವಾಪಸು ಕೇಳುವುದು ಹೇಗೆ? ಕಾರು ಗೇಟು ದಾಟುವವರೆಗೆ ಕೈಮುಗಿದು ನಿಂತಿದ್ದೆ.

ಎರಡು ತಿಂಗಳಿಗೆ ವರದಿ ಬಂತು: ಪ್ರಯೋಗಾಲಯ ಸ್ವಚ್ಛವಾಗಿದೆ, ಸಂಶೋಧನೆಯ ಸಾಮಗ್ರಿ ಯಾವುದೂ ಕಂಡುಬರಲಿಲ್ಲ. ನನಗೆ ದಿಲ್ಲಿಯ ಮೇಲೆ ಸಿಟ್ಟಿದೆ, ಪ್ರಿನ್ಸಿಪಾಲರ ಮೇಲೂ ಇದೆ. ಕೈಮುಗಿದು ನಿಂತ ನನ್ನ ಮೇಲಿನ ಸಿಟ್ಟು ಮಾತ್ರ ಇವತ್ತಿಗೂ ಇಳಿದಿಲ್ಲ. ಆಮೇಲೆ ನಾನು ಅರ್ಜಿ ಬರೆಯಲಿಲ್ಲ.

ಕೆಲವು ವರ್ಷದ ನಂತರ ಅಪ್ಪೆಮಿಡಿಯ ಮೇಲಿನ ಸಂಶೋಧನೆಗೆ ದೊಡ್ಡ ಊರಿನ ದೊಡ್ಡ ಸಂಸ್ಥೆಗೆ ಹಣ ಸಿಕ್ಕಿತು. ಅಲ್ಲಿಂದ ಹುಡುಗಿಯೊಬ್ಬಳು ಬಂದಳು, ಜಾಣೆ, ವಿನಯವಂತೆ. ನನ್ನ ಹಳೆಯ ಅರ್ಜಿಯ ಜೊತೆ ಕಳಿಸಿದ್ದ ಮರಗಳ ಪಟ್ಟಿ ಅವಳ ಕೈಯಲ್ಲಿತ್ತು. ಎರಡು ದಿನ ಅವಳನ್ನು ಮರದಿಂದ ಮರಕ್ಕೆ ತಿರುಗಿಸಿದೆ.

“ಪಟ್ಟಿಯ ಮೊದಲನೇದು, ಆ ಹೊಳೆದಂಡೆಯ ಮರದ ಸ್ಯಾಂಪಲ್ ಎಲ್ಲಿ ಸಿಗುತ್ತದೆ ಸರ್?” ಎಂದಳು.

“ದಿಲ್ಲಿಯಲ್ಲಿ ಕೇಳಬೇಕು. ಊಟದ ಹೊತ್ತಿಗೆ.”

ತಮಾಷೆಯೆಂದುಕೊಂಡು ಅವಳು ನಕ್ಕಳು. ಅವಳು ಹೊರಡುವಾಗ ನನ್ನ ಹೆಂಡತಿ ಒಳಗಿನಿಂದ ಉಪ್ಪಿನಕಾಯಿಯ ಬಾಟಲಿಯೊಂದನ್ನು ತಂದು ನನ್ನ ಕೈಗಿತ್ತಳು. ಸೋರದ ಹಾಗೆ ಮುಚ್ಚಳ ಬಿಗಿಮಾಡಿ ನಾನೇ ಆ ಹುಡುಗಿಯ ಚೀಲದಲ್ಲಿಟ್ಟೆ.